ಹೆರಿಗೆಯಲ್ಲಿ ಮಗುವಿಗೆ ಆದ ಹಾನಿ: ವಿಧಿಯೆಂದು ಕೈಚೆಲ್ಲುವ ಮುನ್ನ



ಒಂಬತ್ತು ತಿಂಗಳು ಹೊತ್ತು ಹೆತ್ತ ಮಗು ಹುಟ್ಟಿದೊಡನೆ ಅಳದಿದ್ದರೆ, ಆರು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ವರುಷ ತುಂಬಿದರೂ ಕೂರದಿದ್ದರೆ, ಆ ಮನೆಯನ್ನು ಕವಿಯುವ ಮೌನವನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಮೌನದ ನಡುವೆ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಎರಡು ಬಗೆಯವು. ಹಿರಿಯರು ಹಣೆಬರಹವೆನ್ನುತ್ತಾರೆ, ನೆರೆಹೊರೆಯವರು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೆಂದು ತಾಯಿಯ ಕಡೆಗೇ ಬೆರಳು ತೋರುತ್ತಾರೆ. ಇಲ್ಲವೇ ಸಿಟ್ಟಿಗೆದ್ದ ಬಂಧುಗಳು ಗುಂಪುಗೂಡಿ ಆಸ್ಪತ್ರೆಯ ಗಾಜು ಒಡೆಯುತ್ತಾರೆ. ಮೊದಲನೆಯದರಿಂದ ನಿರಪರಾಧಿಯಾದ ತಾಯಿ ಬೇಯುತ್ತಾಳೆ. ಎರಡನೆಯದರಿಂದ ಮಗುವಿಗೆ ಕಿಂಚಿತ್ತೂ ಉಪಕಾರವಾಗದು. ಇವೆರಡಕ್ಕೂ ಹೊರತಾದ ಮೂರನೆಯ ಮಾರ್ಗವೊಂದಿದೆ. ನಡೆದದ್ದೇನೆಂದು ಶಾಂತವಾಗಿ ಕೇಳುವುದು, ದಾಖಲೆ ಪಡೆಯುವುದು, ತಪ್ಪಿನಿಂದಲೇ ಹಾನಿಯಾಗಿದ್ದರೆ ಮಗುವಿನ ಬಾಳಿಗೆ ಬೇಕಾದ ಪರಿಹಾರವನ್ನು ಕಾನೂನಿನ ಮೂಲಕ ಕೇಳುವುದು. ಈ ಮಾರ್ಗವು ನಮ್ಮ ಹಳ್ಳಿಗಳ ಕುಟುಂಬಗಳಿಗೆ ಬಹುಮಟ್ಟಿಗೆ ತಿಳಿಯದೇ ಉಳಿದಿದೆ. ಆದ್ದರಿಂದ ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಔಷಧೋಪಚಾರದ ಮಾತಿನ ಬದಲು ನ್ಯಾಯದ ಮಾತನ್ನು ಆಡಲು ನಾವು ಬಯಸುತ್ತೇವೆ.

ತಡೆಯಬಹುದಾದ ಹಾನಿ ಯಾವುದು?

ಹೆರಿಗೆಯ ಹೊತ್ತಿನಲ್ಲಿ ಮಗುವಿನ ಮೆದುಳಿಗೆ ರಕ್ತ ಮತ್ತು ಆಮ್ಲಜನಕ ಸಾಲದೆ ಹೋದರೆ ಮೆದುಳಿನ ಜೀವಕೋಶಗಳು ನಾಶವಾಗುತ್ತವೆ. ಇದರ ಫಲವಾಗಿ ಮುಂದೆ ಅಪಸ್ಮಾರ, ಬುದ್ಧಿಬೆಳವಣಿಗೆಯ ಕೊರತೆ, ಕೈಕಾಲುಗಳ ಬಿಗಿತ ಕಾಣಿಸಿಕೊಳ್ಳಬಹುದು. ಈ ಬಿಗಿತವನ್ನೇ ವೈದ್ಯರು ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು, ಎನ್ನುತ್ತಾರೆ. ಗರ್ಭದಲ್ಲಿರುವ ಮಗುವಿನ ಹೃದಯ ನಿಮಿಷಕ್ಕೆ ಸುಮಾರು 110ರಿಂದ 160 ಬಾರಿ ಮಿಡಿಯಬೇಕು. ಹೆರಿಗೆನೋವು ಬಲಿತ ಮೇಲೆ ಕನಿಷ್ಠ ಅರ್ಧ ಗಂಟೆಗೊಮ್ಮೆ, ತಾಯಿ ಮುಕ್ಕುವ ಹಂತದಲ್ಲಿ ಐದು ನಿಮಿಷಕ್ಕೊಮ್ಮೆ ಈ ಮಿಡಿತವನ್ನು ಎಣಿಸಿ ಬರೆದಿಡಬೇಕೆಂಬುದು ಪ್ರಸೂತಿ ಶಾಸ್ತ್ರದ ಸಾಮಾನ್ಯ ನಿಯಮ. ಮಿಡಿತ ಕುಸಿಯುತ್ತಿದ್ದರೂ ಯಾರೂ ನೋಡದಿದ್ದರೆ, ನೋಡಿಯೂ ಶಸ್ತ್ರಚಿಕಿತ್ಸೆಯನ್ನು ಗಂಟೆಗಟ್ಟಲೆ ಮುಂದೂಡಿದರೆ, ಆಗುವ ಹಾನಿ ವಿಧಿಯದಲ್ಲ.

ಇನ್ನೂ ಕೆಲವು ನಿದರ್ಶನಗಳನ್ನು ಹೇಳಬಹುದು. ನೋವು ಬೇಗ ಬರಲೆಂದು ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಅಳತೆಯಿಲ್ಲದೆ ಕೊಟ್ಟರೆ ಗರ್ಭಕೋಶ ಬಿಡುವಿಲ್ಲದೆ ಸಂಕುಚಿಸಿ ಮಗುವಿಗೆ ಹೋಗುವ ರಕ್ತಸಂಚಾರ ಕುಗ್ಗುತ್ತದೆ. ಭುಜ ಸಿಕ್ಕಿಕೊಂಡ ಮಗುವಿನ ತಲೆಯನ್ನು ಬಲವಾಗಿ ಎಳೆದರೆ ತೋಳಿನ ನರಗಳು ಹರಿದು ಕೈ ಜೋತುಬೀಳಬಹುದು. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಕಾಣುವ ಕಾಮಾಲೆಯನ್ನು ಎಲ್ಲ ಕೂಸುಗಳಿಗೂ ಬರುವುದೆಂದು ಅಲಕ್ಷಿಸಿದರೆ, ಪಿತ್ತದ ವಿಷ ಮೆದುಳಿಗೇರಿ ಕಿವುಡುತನವನ್ನೂ ಅಂಗವೈಕಲ್ಯವನ್ನೂ ಉಂಟುಮಾಡಬಹುದು. ನೀಲಿ ಬೆಳಕಿನ ಚಿಕಿತ್ಸೆಯಿಂದ ಇದನ್ನು ಸಾಮಾನ್ಯವಾಗಿ ತಪ್ಪಿಸಬಹುದು. ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಪರದೆಗೆ ಬರುವ ರೋಗವನ್ನು ಹುಟ್ಟಿದ ನಾಲ್ಕು ವಾರಗಳೊಳಗೆ ಪರೀಕ್ಷಿಸಿ ಪತ್ತೆಹಚ್ಚಿ ಲೇಸರ್ ಚಿಕಿತ್ಸೆ ಮಾಡಿದರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ 2008ರಿಂದ ನಡೆದಿರುವ ಕಿಡ್ರಾಪ್ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸುತ್ತಾರೆ. ಇಂತಹ ವ್ಯವಸ್ಥೆ ಇರುವ ನಾಡಿನಲ್ಲಿ ಒಂದು ಕೂಸು ಪರೀಕ್ಷೆಯಿಲ್ಲದ ಕಾರಣಕ್ಕೆ ಕುರುಡಾದರೆ ಅದನ್ನು ಹಣೆಬರಹವೆನ್ನುವುದು ಹೇಗೆ?

ಆದರೆ ಇಲ್ಲಿಯೇ ಒಂದು ಎಚ್ಚರದ ಮಾತನ್ನೂ ಹೇಳಬೇಕು. ಸೆರೆಬ್ರಲ್ ಪಾಲ್ಸಿಯ ಎಲ್ಲ ಪ್ರಕರಣಗಳೂ ಹೆರಿಗೆಯ ತಪ್ಪಿನಿಂದ ಆದವಲ್ಲ. ಅವಧಿಪೂರ್ವ ಜನನ, ಗರ್ಭದಲ್ಲಿನ ಸೋಂಕು, ಮೆದುಳಿನ ರಚನೆಯ ದೋಷ, ವಂಶವಾಹಿಗಳ ದೋಷ ಮುಂತಾದ ಕಾರಣಗಳಿಂದ, ಯಾರದೂ ತಪ್ಪಿಲ್ಲದೆಯೇ, ಅನೇಕ ಮಕ್ಕಳು ಈ ಸ್ಥಿತಿಗೆ ಬರುತ್ತಾರೆ. ಎಲ್ಲ ಎಚ್ಚರಿಕೆ ವಹಿಸಿದ ವೈದ್ಯರ ಕೈಯಲ್ಲೂ ಮಗು ಉಸಿರಾಡದೆ ಹುಟ್ಟಬಹುದು. ಆದ್ದರಿಂದ ಮೊದಲು ಬೇಕಾದುದು ಸತ್ಯದ ಶೋಧನೆ. ಆರೋಪ ಅದರ ನಂತರದ್ದು.

ನ್ಯಾಯಾಲಯಗಳು ಹೇಳಿರುವುದೇನು?

ವೈದ್ಯಸೇವೆಯು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ತೀರ್ಪಿತ್ತಿತು. ಹಣ ಪಡೆದು ಚಿಕಿತ್ಸೆ ನೀಡುವ ಆಸ್ಪತ್ರೆ ಹೊಣೆಗಾರಿಕೆಗೆ ಒಳಪಡುತ್ತದೆ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಆ ಬಡವರಿಗೂ ಗ್ರಾಹಕರ ಹಕ್ಕು ಇದೆ. ವಿಮಾ ಸಂಸ್ಥೆಯೋ ಉದ್ಯೋಗದಾತರೋ ಹಣ ತೆತ್ತಿದ್ದರೂ ಹಕ್ಕು ಕಳೆಯದು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆ ಮಾತ್ರ ಈ ಕಾಯ್ದೆಯ ಹೊರಗೆ ಉಳಿಯುತ್ತದೆ. ಅಂತಹ ಕಡೆ ಹಾನಿಯಾದರೆ ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ. ಸರ್ಕಾರಿ ಆಸ್ಪತ್ರೆಯಾದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸುವ ದಾರಿಯೂ ಇದೆ.

ನಿರ್ಲಕ್ಷ್ಯವೆಂದರೇನು ಎಂಬುದಕ್ಕೂ ಅಳತೆಗೋಲಿದೆ. ಅತ್ಯುತ್ತಮ ತಜ್ಞನ ಕೌಶಲವನ್ನು ಕಾನೂನು ಪ್ರತಿಯೊಬ್ಬ ವೈದ್ಯರಿಂದಲೂ ಕೇಳುವುದಿಲ್ಲ. ಆ ವೃತ್ತಿಯ ಸಾಮಾನ್ಯ ಕುಶಲತೆಯುಳ್ಳ ವೈದ್ಯರು ಅದೇ ಸನ್ನಿವೇಶದಲ್ಲಿ ವಹಿಸುತ್ತಿದ್ದ ಎಚ್ಚರಿಕೆಯನ್ನು ಇವರು ವಹಿಸಿದರೇ ಎಂದು ಕೇಳುತ್ತದೆ. ಫಲ ಕೆಟ್ಟದಾಯಿತೆಂಬ ಒಂದೇ ಕಾರಣಕ್ಕೆ ವೈದ್ಯರು ತಪ್ಪಿತಸ್ಥರಾಗುವುದಿಲ್ಲ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಘೋರವಾದ ನಿರ್ಲಕ್ಷ್ಯವೇ ಇರಬೇಕೆಂದೂ, ಅದಕ್ಕೆ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ ಹೇಳಿತು. ಹೀಗಾಗಿ ಪೊಲೀಸ್ ಠಾಣೆಗೆ ಓಡುವುದಕ್ಕಿಂತ ಪರಿಹಾರದ ದಾವೆಯೇ ಬಹುತೇಕ ಕುಟುಂಬಗಳಿಗೆ ಸರಿಯಾದ ಮಾರ್ಗವೆಂದು ನಾವು ಭಾವಿಸುತ್ತೇವೆ. ಒಬ್ಬರು ಜೈಲಿಗೆ ಹೋದರೆ ಮಗುವಿಗೆ ವ್ಯಾಯಾಮ ಚಿಕಿತ್ಸೆ ಸಿಗುವುದಿಲ್ಲ.

2015ರ ಒಂದು ತೀರ್ಪು ಪ್ರತಿಯೊಂದು ಕುಟುಂಬವೂ ಅರಿತಿರಬೇಕಾದದ್ದು. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಅವಧಿಗೆ ಮೊದಲೇ ಹುಟ್ಟಿದ ಹೆಣ್ಣುಮಗುವೊಂದರ ಕಣ್ಣಿನ ಪರೀಕ್ಷೆಯನ್ನು ಸಕಾಲದಲ್ಲಿ ಮಾಡಲಿಲ್ಲ. ಮಾಡಿಸಬೇಕೆಂದು ತಂದೆತಾಯಿಗೂ ಯಾರೂ ತಿಳಿಸಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. ರಾಷ್ಟ್ರೀಯ ಗ್ರಾಹಕ ಆಯೋಗವು 5 ಲಕ್ಷ ರೂಪಾಯಿ ಪರಿಹಾರ ನೀಡಿತ್ತು. ಸರ್ವೋಚ್ಚ ನ್ಯಾಯಾಲಯವು ಆ ಹೆಣ್ಣುಮಗಳ ಮುಂದಿನ ಬಾಳಿನ ವೆಚ್ಚವನ್ನೂ, ಬೆಲೆಯೇರಿಕೆಯನ್ನೂ ಲೆಕ್ಕಕ್ಕೆ ಹಿಡಿದು ಒಟ್ಟು ಸುಮಾರು 1.8 ಕೋಟಿ ರೂಪಾಯಿ ಕೊಡಬೇಕೆಂದು ಆದೇಶಿಸಿತು. ವೈದ್ಯರೊಂದಿಗೆ ರಾಜ್ಯ ಸರ್ಕಾರವನ್ನೂ ಹೊಣೆ ಮಾಡಿತು. ಪರಿಹಾರವು ದಯೆಯ ಕಾಣಿಕೆಯಲ್ಲ, ಮಗುವಿನ ಇಡೀ ಆಯುಷ್ಯದ ಅಗತ್ಯಗಳ ಲೆಕ್ಕವೆಂಬ ತತ್ತ್ವ ಇದರಿಂದ ಸ್ಪಷ್ಟವಾಯಿತು. ಆದರೆ ಆ ಕುಟುಂಬ ನ್ಯಾಯಕ್ಕಾಗಿ ಕಾಯ್ದದ್ದು ಎಷ್ಟು ಕಾಲವೆಂಬುದನ್ನೂ ಮರೆಯಲಾಗದು. ತೀರ್ಪು ಬರುವಾಗ ಆ ಕೂಸಿಗೆ ಹದಿನೆಂಟು ತುಂಬಿತ್ತು.

ಮೊದಲ ಹೆಜ್ಜೆ ದಾಖಲೆ

ವಕೀಲರನ್ನು ಕಾಣುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಆಸ್ಪತ್ರೆಯ ದಾಖಲೆಗಳ ಪ್ರತಿ ಪಡೆಯುವುದು. ವೈದ್ಯಕೀಯ ವೃತ್ತಿಯ ನಡವಳಿಕೆಯ ಕುರಿತ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರಿಂದ ಅಧಿಕೃತರಾದವರು ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಲಿಖಿತವಾಗಿ ಕೇಳಿ, ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆಯಬೇಕು. ಸ್ವೀಕರಿಸದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಬೇಕು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು. 30 ದಿನಗಳಲ್ಲಿ ಉತ್ತರ ಬರಬೇಕು.

ಡಿಸ್‌ಚಾರ್ಜ್ ಕಾರ್ಡೊಂದನ್ನು ಪಡೆದು ಸುಮ್ಮನಾಗುವುದು ಬಹಳ ಕಡೆ ಕಾಣುವ ಲೋಪ. ಅದರಲ್ಲಿ ಮುಖ್ಯ ಸಂಗತಿಗಳು ಇರುವುದೇ ಇಲ್ಲ. ಕೇಳಬೇಕಾದವು ಇವು: ದಾಖಲಾದ ಸಮಯ ನಮೂದಾದ ಪೂರ್ಣ ಕೇಸ್ ಶೀಟ್, ಹೆರಿಗೆಯ ಪ್ರಗತಿಯನ್ನು ಗುರುತಿಸುವ ಪಾರ್ಟೋಗ್ರಾಫ್ ನಕ್ಷೆ, ಮಗುವಿನ ಹೃದಯಮಿಡಿತದ ದಾಖಲೆ, ಕೊಟ್ಟ ಇಂಜೆಕ್ಷನ್ನುಗಳ ಹೆಸರು, ಅಳತೆ, ಸಮಯ, ದಾದಿಯರ ಟಿಪ್ಪಣಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರ, ಹುಟ್ಟಿದ ಒಂದನೆಯ ಹಾಗೂ ಐದನೆಯ ನಿಮಿಷದಲ್ಲಿ ಮಗುವಿಗೆ ನೀಡಿದ ಆಪ್ಗಾರ್ ಅಂಕ, ಶಿಶು ಘಟಕದ ದಾಖಲೆ, ಬೇರೆ ಆಸ್ಪತ್ರೆಗೆ ಕಳುಹಿಸಿದ್ದರೆ ಆ ಪತ್ರ ಮತ್ತು ಹೊರಟ ಸಮಯ. ಇವುಗಳ ಜೊತೆಗೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ಎಲ್ಲ ಬಿಲ್ಲುಗಳನ್ನು ಒಂದೇ ಕಡೆ ಜೋಪಾನವಾಗಿಡಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ರೂಢಿಯಾದುದರಿಂದ ತಪಾಸಣೆಯ ಕಾಗದಗಳು ಗಂಡನ ಊರಿನಲ್ಲೂ ಹೆರಿಗೆಯ ಕಾಗದಗಳು ತವರಿನಲ್ಲೂ ಹಂಚಿಹೋಗಿರುತ್ತವೆ. ಅವನ್ನು ಒಟ್ಟುಗೂಡಿಸುವ ಹೊಣೆಯನ್ನು ಬಾಣಂತಿಯ ಮೇಲೆ ಹೊರಿಸದೆ ಮನೆಯ ಬೇರೊಬ್ಬರು ಹೊರಬೇಕು.

ಈ ಅವಸರಕ್ಕೆ ಕಾರಣವಿದೆ. ಅದೇ ನಿಯಮಗಳಂತೆ ಒಳರೋಗಿಯ ದಾಖಲೆಯನ್ನು ಆಸ್ಪತ್ರೆ ಮೂರು ವರ್ಷ ಮಾತ್ರ ಇಟ್ಟರೆ ಸಾಕು. ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಇರುವ ಕಾಲಮಿತಿ ಎರಡು ವರ್ಷ. ಆದರೆ ಮಗುವಿನ ಸೆರೆಬ್ರಲ್ ಪಾಲ್ಸಿ ಖಚಿತವಾಗುವುದಕ್ಕೇ ಕೆಲವೊಮ್ಮೆ ಒಂದೂವರೆ, ಎರಡು ವರ್ಷ ಬೇಕಾಗುತ್ತದೆ. ಕುಟುಂಬಕ್ಕೆ ಪ್ರಶ್ನೆ ಹುಟ್ಟುವ ಹೊತ್ತಿಗೆ ಉತ್ತರವಿರುವ ಕಾಗದ ಕಣ್ಮರೆಯಾಗುವ ಅಪಾಯವಿದೆ. ಹಾನಿ ಮರೆಯಲ್ಲಿದ್ದ ಪಕ್ಷದಲ್ಲಿ, ಅದು ತಿಳಿದುಬಂದ ದಿನದಿಂದ ಅಥವಾ ಸಾಮಾನ್ಯ ಜಾಗರೂಕತೆಯಿಂದ ತಿಳಿಯಬಹುದಾಗಿದ್ದ ದಿನದಿಂದ ಕಾಲಮಿತಿ ಎಣಿಸಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಒಪ್ಪಿದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯೋಗಕ್ಕೂ ಇದೆ. ಆದರೂ ಈ ರಿಯಾಯಿತಿಗಳನ್ನು ನಂಬಿ ಕೂರುವುದು ಉಚಿತವಲ್ಲ. ಮಗು ಹುಟ್ಟಿದೊಡನೆ ಅಳದೆ ಶಿಶು ಘಟಕ ಸೇರಿದ್ದರೆ, ದೂರು ಕೊಡುವ ಯೋಚನೆ ಇರಲಿ ಬಿಡಲಿ, ಆಗಲೇ ದಾಖಲೆಯ ಪ್ರತಿ ಪಡೆದಿಡುವುದು ಒಳಿತು. ಮುಂದೆ ಮಗುವನ್ನು ನೋಡುವ ವೈದ್ಯರಿಗೂ ಅದು ಬೇಕಾಗುತ್ತದೆ.

ಎಲ್ಲಿಗೆ ಹೋಗಬೇಕು? ಖರ್ಚೆಷ್ಟು?

ನ್ಯಾಯಾಲಯವೆಂದರೆ ಹೊಲ ಮಾರಬೇಕೆಂಬ ಭಯ ನಮ್ಮ ಜನರಲ್ಲಿ ಬೇರೂರಿದೆ. ಗ್ರಾಹಕ ಆಯೋಗದ ವಿಷಯದಲ್ಲಿ ಈ ಭಯಕ್ಕೆ ಆಧಾರ ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಆಸ್ಪತ್ರೆಗೆ ತೆತ್ತ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ದೂರನ್ನು ವಿಚಾರಿಸುತ್ತದೆ. ಇಲ್ಲಿ ಎಣಿಸುವುದು ತೆತ್ತ ಹಣವನ್ನು, ಕೇಳುವ ಪರಿಹಾರವನ್ನಲ್ಲ. ತೆತ್ತದ್ದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಹೆರಿಗೆಯಾದ ಊರಿಗೇ ಅಲೆಯಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಪ್ರಾಥಮಿಕ ಮಾಹಿತಿ ಪಡೆಯಬಹುದು. ಮಗುವಿಗೆ ಮಾತ್ರವಲ್ಲ, ನೊಂದ ತಂದೆತಾಯಿಗೂ ಪ್ರತ್ಯೇಕ ಪರಿಹಾರ ಸಲ್ಲಬಹುದೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿಯೇ ಎತ್ತಿಹಿಡಿದಿದೆ.

ವಕೀಲರ ಶುಲ್ಕ ಕೊಡಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಆಸರೆಯಾಗಿದೆ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಹಕ್ಕಾಗಿ ದೊರೆಯುತ್ತದೆ. ತಾಯಿ ಮಹಿಳೆ, ಮಗು ಮಗುವೇ ಸರಿ. ಎಂದ ಮೇಲೆ ಹೆರಿಗೆಯಲ್ಲಿ ಹಾನಿಗೊಳಗಾದ ಪ್ರತಿಯೊಂದು ಮಗುವಿನ ಪರವಾಗಿಯೂ ಈ ನೆರವನ್ನು ಕೇಳಬಹುದು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ, ತಾಲ್ಲೂಕಿನಲ್ಲಿ ಅದರ ಸಮಿತಿ ಇರುತ್ತದೆ. ಸಹಾಯವಾಣಿ ಸಂಖ್ಯೆ 15100. ಇದರೊಂದಿಗೆ ಇನ್ನೊಂದು ಮಾತು: ಗೆದ್ದ ಹಣದಲ್ಲಿ ಇಷ್ಟು ಪಾಲು ಕೊಡಿ ಎಂದು ಕರಾರು ಮಾಡಿಕೊಳ್ಳುವುದು ನಮ್ಮ ದೇಶದಲ್ಲಿ ವಕೀಲರ ವೃತ್ತಿನಿಯಮಗಳಿಗೆ ವಿರುದ್ಧ. ಆಸ್ಪತ್ರೆಯ ಬಾಗಿಲಲ್ಲೇ ನಿಂತು ಪಾಲಿನ ಮಾತಾಡುವ ದಲ್ಲಾಳಿಗಳಿಂದ ದೂರವಿರಬೇಕು.

ಖಾಸಗಿ ಆಸ್ಪತ್ರೆಯ ವಿರುದ್ಧದ ಕುಂದುಕೊರತೆಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಮಟ್ಟದ ಪ್ರಾಧಿಕಾರವಿದೆ. ವೈದ್ಯರ ವೃತ್ತಿನಡವಳಿಕೆಯ ಬಗೆಗಿನ ದೂರುಗಳಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಜರುಗಿಸಬಲ್ಲದು. ಮಗುವಿಗೆ ಪರಿಹಾರದ ಹಣ ಅಲ್ಲಿಂದ ಬರುವುದಿಲ್ಲ. ಸರ್ಕಾರದ ವಿರುದ್ಧ ಸಿವಿಲ್ ದಾವೆ ಹೂಡುವುದಾದರೆ ಸಾಮಾನ್ಯವಾಗಿ ಎರಡು ತಿಂಗಳ ಮುಂಚಿತ ನೋಟಿಸು ಕೊಡಬೇಕಾಗುತ್ತದೆ. ಯಾವ ದಾರಿ ಯಾವ ಕುಟುಂಬಕ್ಕೆ ಸೂಕ್ತವೆಂಬುದನ್ನು ದಾಖಲೆ ನೋಡಿದ ವಕೀಲರೂ, ಪ್ರಕರಣಕ್ಕೆ ಸಂಬಂಧಪಡದ ಒಬ್ಬ ಪ್ರಸೂತಿ ಅಥವಾ ಮಕ್ಕಳ ತಜ್ಞರೂ ಕೂಡಿ ಹೇಳಬೇಕು. ತಜ್ಞರ ಅಭಿಪ್ರಾಯವಿಲ್ಲದ ದೂರು ಬಹುತೇಕ ನಿಲ್ಲುವುದಿಲ್ಲ.

ಮೊಕದ್ದಮೆ ಕಾಯಬಹುದು, ಮಗು ಕಾಯಲಾರದು

ತೀರ್ಪಿಗೆ ವರ್ಷಗಳು ಹಿಡಿಯಬಹುದು. ಆದರೆ ಮೊದಲ ಎರಡು ಮೂರು ವರ್ಷಗಳಲ್ಲಿ ದೊರೆತ ಚಿಕಿತ್ಸೆಯಿಂದ ಮಗುವಿಗೆ ಆಗುವ ಪ್ರಯೋಜನ ಆಮೇಲೆ ಆಗದು. ಆದುದರಿಂದ ದಾವೆಯ ಫಲಕ್ಕೆ ಕಾಯದೆ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಮಗುವನ್ನು ಕರೆದೊಯ್ಯಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ. ವಿಶಿಷ್ಟ ಗುರುತಿನ ಚೀಟಿ ಮಾಡಿಸಿದರೆ ಮಾಸಾಶನ ಮುಂತಾದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯವುಳ್ಳವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ನೀಡುತ್ತದೆ. ಈ ಸೌಲಭ್ಯಗಳನ್ನು ಪಡೆದರೆ ಪರಿಹಾರದ ಹಕ್ಕು ಹೋಗುವುದೆಂಬ ಭಾವನೆ ಕೆಲವರಲ್ಲಿದೆ, ಅದು ತಪ್ಪು. ಚಿಕಿತ್ಸೆಯ ಪ್ರತಿಯೊಂದು ಚೀಟಿಯೂ, ಪ್ರಯಾಣದ ಖರ್ಚಿನ ಲೆಕ್ಕವೂ ದಾವೆಯಲ್ಲಿ ಸಾಕ್ಷ್ಯವಾಗಿ ಒದಗುತ್ತದೆ.

ಪರಿಹಾರದ ಹಣ ಬಂದ ಮೇಲೆ ಅದು ಯಾರದು? ನಮ್ಮ ದೃಢವಾದ ಅಭಿಪ್ರಾಯವೆಂದರೆ ಅದು ಮಗುವಿನದು. ಅದರಿಂದ ಸಾಲ ತೀರಿಸುವುದು, ಮನೆ ಕಟ್ಟಿಸುವುದು, ಇನ್ನೊಬ್ಬರ ಮದುವೆ ಮಾಡುವುದು ಸಲ್ಲದು. ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಡ್ಡಿಯನ್ನು ಅದರ ಆರೈಕೆಗೆ ಬಳಸುವಂತೆ ಆದೇಶಿಸಬೇಕೆಂದು ಕುಟುಂಬವೇ ಆಯೋಗವನ್ನು ಕೋರಬಹುದು. ವೈಕಲ್ಯವುಳ್ಳ ಮಗು ಹುಟ್ಟಿತೆಂದು ತಾಯಿಯನ್ನು ತವರಿನಲ್ಲೇ ಬಿಟ್ಟು, ಹಣ ಬರುವಾಗ ಮಾತ್ರ ತಂದೆಯೆಂಬ ಹಕ್ಕು ಸಾಧಿಸುವವರು ನಮ್ಮ ಸಮಾಜದಲ್ಲಿ ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಮಗುವನ್ನು ದಿನವೂ ಎತ್ತಿ, ಉಣ್ಣಿಸಿ, ತೊಳೆಯುವ ಕೈಗಳ ಪಕ್ಕದಲ್ಲಿ ಆ ಹಣ ಇರಬೇಕು.

ಆಕ್ಷೇಪಗಳಿಗೆ ಉತ್ತರ

ದಾವೆಗಳು ಹೆಚ್ಚಿದರೆ ವೈದ್ಯರು ಹೆದರಿ ತೊಡಕಿನ ಹೆರಿಗೆಗಳನ್ನು ಒಪ್ಪಿಕೊಳ್ಳದೆ ಮುಂದಿನ ಊರಿಗೆ ಸಾಗಹಾಕುತ್ತಾರೆ, ಅನಗತ್ಯ ಶಸ್ತ್ರಚಿಕಿತ್ಸೆ ಮಾಡುತ್ತಾರೆ ಎಂಬ ಆಕ್ಷೇಪವುಂಟು. ಇದರಲ್ಲಿ ತೂಕವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಒಬ್ಬರೇ ದುಡಿಯುವ ವೈದ್ಯರ, ಏಕಕಾಲಕ್ಕೆ ಹಲವು ಬಾಣಂತಿಯರನ್ನು ನೋಡುವ ದಾದಿಯರ ಕಷ್ಟವನ್ನು ನಾವು ಬಲ್ಲೆವು. ಅವರ ಮೇಲೆ ಕೈಮಾಡುವುದು ಅಧರ್ಮ. 2009ರ ರಾಜ್ಯ ಕಾಯ್ದೆಯಂತೆ ಅಪರಾಧವೂ ಹೌದು. ಆದರೆ ಎಚ್ಚರಿಕೆ ವಹಿಸಿ ಎಲ್ಲವನ್ನೂ ಬರೆದಿಟ್ಟ ವೈದ್ಯರಿಗೆ ಆ ಬರಹವೇ ರಕ್ಷೆ. ಸಿಬ್ಬಂದಿಯಿಲ್ಲದೆ, ಅರಿವಳಿಕೆ ತಜ್ಞರಿಲ್ಲದೆ, ರಕ್ತವಿಲ್ಲದೆ ಹಾನಿಯಾದರೆ ಹೊಣೆ ಆ ಕೊರತೆಯನ್ನು ಉಳಿಸಿದ ಆಡಳಿತದ್ದು. ಚೆನ್ನೈ ಪ್ರಕರಣದಲ್ಲಿ ಸರ್ಕಾರವನ್ನು ಹೊಣೆ ಮಾಡಿದ್ದರ ಅರ್ಥವೂ ಇದೇ. ಯಾರೂ ಕೇಳದಿದ್ದರೆ ಆ ಕೊರತೆಗಳು ಮುಂದಿನ ಮಗುವಿಗೂ ಹಾಗೆಯೇ ಕಾದಿರುತ್ತವೆ.

ದೀರ್ಘಕಾಲದ ಪರಿಹಾರವಾಗಿ ನಮ್ಮ ಸರ್ಕಾರಗಳು ಜಪಾನಿನ ಮಾದರಿಯನ್ನು ಪರಿಶೀಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಅಲ್ಲಿ 2009ರಿಂದ, ನಿಗದಿತ ಮಾನದಂಡಗಳಿಗೆ ಒಳಪಡುವ ತೀವ್ರ ಸೆರೆಬ್ರಲ್ ಪಾಲ್ಸಿಯ ಮಗುವಿಗೆ, ಯಾರ ತಪ್ಪೆಂದು ಸಾಧಿಸದೆಯೇ, ಒಟ್ಟು 3 ಕೋಟಿ ಯೆನ್‌ಗಳನ್ನು ಕಂತುಗಳಲ್ಲಿ ನೀಡುವ ವಿಮಾ ವ್ಯವಸ್ಥೆಯಿದೆ. ಅದರೊಂದಿಗೆ ತಜ್ಞರ ಸಮಿತಿ ಕಾರಣಗಳನ್ನು ಶೋಧಿಸಿ ವರದಿ ನೀಡುತ್ತದೆ. ಆ ವರದಿಗಳಿಂದ ಮುಂದಿನ ಹೆರಿಗೆಗಳು ಸುರಕ್ಷಿತವಾಗಲೆಂಬುದು ಉದ್ದೇಶ. ಕುಟುಂಬಕ್ಕೆ ಹದಿನೆಂಟು ವರ್ಷಗಳ ಅಲೆದಾಟ ತಪ್ಪುತ್ತದೆ. ವೈದ್ಯರು ನಡೆದದ್ದನ್ನು ಮುಚ್ಚಿಡಬೇಕಾದ ಒತ್ತಡವೂ ಇಳಿಯುತ್ತದೆ. ಅಷ್ಟು ದೊಡ್ಡ ಮೊತ್ತ ನಮಗೆ ಸಾಧ್ಯವಾಗದಿದ್ದರೂ ಆ ತತ್ತ್ವವನ್ನು ಅಳವಡಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಅಲ್ಲಿಯವರೆಗೆ ಭಕ್ತಸಮೂಹದಲ್ಲಿರುವ ವಕೀಲರಲ್ಲಿ, ವೈದ್ಯರಲ್ಲಿ, ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಊರಿನಲ್ಲಿ ಇಂತಹ ಮಗುವಿರುವ ಮನೆಯೊಂದಿದ್ದರೆ ಅಲ್ಲಿಗೆ ಹೋಗಿ, ಅರ್ಜಿ ಬರೆದುಕೊಡಿ, ಕೇಸ್ ಶೀಟನ್ನು ಓದಿ ತಿಳಿಸಿ, ಪ್ರಾಧಿಕಾರದ ಕಚೇರಿಗೆ ಜೊತೆಯಲ್ಲಿ ನಡೆಯಿರಿ. ತಪ್ಪು ನಡೆದಿಲ್ಲವೆಂದು ದಾಖಲೆ ಹೇಳಿದರೆ ಅದನ್ನೂ ಮೃದುವಾಗಿ ತಿಳಿಸಿ. ನಿಜ ಗೊತ್ತಾದರೆ ಆ ತಾಯಿಯ ಮನಸ್ಸಿಗೆ ಅದೂ ಒಂದು ಬಿಡುಗಡೆಯೇ. ತಪ್ಪು ನಡೆದಿದ್ದರೆ ಎರಡು ವರ್ಷದ ಗಡುವು ಮೀರುವ ಮುನ್ನ ದೂರು ಸಲ್ಲುವಂತೆ ನೋಡಿಕೊಳ್ಳಿ.